ಒಂದು ರಜೆಯ ಲೆಕ್ಕಪತ್ರ

ಇಪ್ಪತ್ತು ವರ್ಷಗಳಿಂದ ಬ್ಯಾಂಕಿನ ಕೌಂಟರಿನಲ್ಲಿ ಕುಳಿತು ಊರವರ ಲೆಕ್ಕವನ್ನು ತಾಳೆ ಮಾಡುತ್ತಿರುವ ನನಗೆ, ಮನೆಯ ಒಂದು ಸಣ್ಣ ಲೆಕ್ಕ ಮಾತ್ರ ಮೂರು ವರ್ಷವಾದರೂ ತಾಳೆಯಾಗಲಿಲ್ಲ. ಮಕ್ಕಳನ್ನು ಒಮ್ಮೆ ನೀರಾಟದ ದೊಡ್ಡ ಉದ್ಯಾನಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದು ಕೊಟ್ಟ ಮಾತೇ ಆ ಲೆಕ್ಕ.

ಮಾತು ಕೊಟ್ಟಾಗ ಮಗಳಿಗೆ ಏಳು ವರ್ಷ, ಮಗನಿಗೆ ಎರಡೂವರೆ. ಮೊದಲ ವರ್ಷ ಮಾರ್ಚ್ 31ರ ವಾರ್ಷಿಕ ಲೆಕ್ಕದ ಸುಸ್ತು ಇಳಿಯುವಷ್ಟರಲ್ಲಿ ಬಿಸು ಬಂತು, ಬಿಸು ಮುಗಿಯುವಷ್ಟರಲ್ಲಿ ನೆಂಟರ ಮದುವೆಗಳು ಸುರುವಾದುವು. ಎರಡನೆಯ ವರ್ಷ ಅಮ್ಮನ ಕಣ್ಣಿನ ಶಸ್ತ್ರಚಿಕಿತ್ಸೆ. ಮೂರನೆಯ ವರ್ಷ ಎಪ್ರಿಲಿನಲ್ಲೇ ಬಾವಿ ಬತ್ತಿ, ಉದ್ಯಾನದ ನೀರಿಗೆ ಎಂದು ಕೂಡಿಟ್ಟ ಹಣ ನಮ್ಮದೇ ಬಾವಿಯ ತಳ ಸೇರಿತು. ಕಾರಣಗಳೆಲ್ಲ ನಿಜವೇ. ಆದರೆ ಸಾಲ ತೀರಿಸದವನು ಹೇಳುವ ಕಾರಣಗಳೂ ಹೆಚ್ಚಾಗಿ ನಿಜವೇ ಆಗಿರುತ್ತವೆ.

ಕಳೆದ ಫೆಬ್ರವರಿಯ ಒಂದು ರಾತ್ರಿ ಊಟದ ಹೊತ್ತಿಗೆ, “ಈ ಸಲ ಖಂಡಿತ ಹೋಗುವ” ಎಂದೆ. ಮಗ ಕುಣಿದ. ಮಗಳು ಪುಸ್ತಕದಿಂದ ತಲೆ ಎತ್ತದೆ, “ಸರಿ ಅಪ್ಪ” ಎಂದಳು. ಅಷ್ಟೇ. ಆಗಲೇ ನನಗೆ ಹೊಳೆದದ್ದು: ಇವಳು ಕೇಳುವುದನ್ನು ನಿಲ್ಲಿಸಿ ಒಂದು ವರ್ಷವೇ ಆಗಿತ್ತು. ನಾನು ಅದನ್ನು ಹುಡುಗಿಗೆ ತಿಳುವಳಿಕೆ ಬಂತು ಎಂದು ಬರೆದುಕೊಂಡಿದ್ದೆ. ಕೌಂಟರಿಗೆ ದಿನಾ ಬಂದು ವಿಚಾರಿಸುವ ಗ್ರಾಹಕ ಒಂದು ದಿನ ಬಾರದಿದ್ದರೆ, ಅವನ ಕೆಲಸ ಆಯಿತು ಎಂದೇ ಅರ್ಥವಲ್ಲ. ನಮ್ಮ ಮೇಲಿನ ನಂಬಿಕೆ ಹೋಯಿತು ಎಂದೂ ಇರಬಹುದು.

ಆ ರಾತ್ರಿಯೇ ಹಳೆಯ ಡೈರಿ ತೆಗೆದು ಯೋಜನೆ ಹಾಕಲು ಕುಳಿತೆ.

ನಮ್ಮ ಕುಂಬಳೆಯವರಿಗೆ ಇಲ್ಲೊಂದು ವಿಶೇಷ ತೊಂದರೆಯಿದೆ. ಕೊಚ್ಚಿಯಲ್ಲಿ 2000ದಲ್ಲಿ ವೀಗಾಲ್ಯಾಂಡ್ ಎಂಬ ಹೆಸರಿನಲ್ಲಿ ತೆರೆದ ಉದ್ಯಾನ, ಬೆಂಗಳೂರಿನಾಚೆ ಮೈಸೂರು ರಸ್ತೆಯ ಬಿಡದಿಯ ಬಳಿ 2005ರಲ್ಲಿ ಆರಂಭವಾದ ಉದ್ಯಾನ — ಎರಡಕ್ಕೂ ಈಗ ವಂಡರ್‌ಲಾ ಎಂದೇ ಹೆಸರು. ನಮ್ಮ ಮನೆಗೆ ಎರಡೂ ಹೆಚ್ಚುಕಡಿಮೆ ಒಂದೇ ದೂರ. ತೆಂಕಣಕ್ಕೆ ಹೋಗುವುದೋ ಮೂಡಣಕ್ಕೆ ಹೋಗುವುದೋ? ಬೆಂಗಳೂರಿನಲ್ಲಿ ಭಾವ ಇದ್ದಾನೆ, ಅವನ ಮಕ್ಕಳು ಜೊತೆಗೆ ಸಿಗುತ್ತಾರೆ ಎಂದಳು ಹೆಂಡತಿ. ಆದರೆ ಅವರಿಗೆ ದಸರಾ ರಜೆ, ನಮಗೆ ಓಣಂ ರಜೆ. ಎರಡೂ ಕಡೆಗೆ ಕೂಡಿಬರುವುದು ಬೇಸಿಗೆಯ ನಾಲ್ಕಾರು ವಾರ ಮಾತ್ರ. ಆಗ ರೈಲಿನಲ್ಲಿ ಕಾಲಿಡಲು ಜಾಗವಿಲ್ಲ. 2024ರ ನವೆಂಬರಿನಿಂದ ಕಾದಿರಿಸುವ ಅವಧಿ 120 ದಿನದಿಂದ 60 ದಿನಕ್ಕೆ ಇಳಿದಿದೆ. ಅಂದರೆ ಮೇ ತಿಂಗಳ ಪ್ರಯಾಣಕ್ಕೆ ಮಾರ್ಚಿನಲ್ಲಿ, ನಾನು ವಾರ್ಷಿಕ ಲೆಕ್ಕದಲ್ಲಿ ಮುಳುಗಿರುವಾಗಲೇ, ಕಣ್ಣಿಟ್ಟು ಕೂರಬೇಕು. ಮೇಲಾಗಿ ಐದು ದಾಟಿದ ಮಕ್ಕಳಿಗೆ ಮಲಗುವ ಬರ್ತ್ ಬೇಕಿದ್ದರೆ 2016ರಿಂದ ಪೂರ್ತಿ ಟಿಕೆಟು. ಅಮ್ಮನಿಗೆ ಎಪ್ಪತ್ತಾರು, ಅವಳಿಗೆ ಕೆಳಗಿನ ಬರ್ತೇ ಆಗಬೇಕು. ಡೈರಿಯ ಪುಟ ತುಂಬಿತು, ಯೋಜನೆ ಮಾತ್ರ ಆಗಲಿಲ್ಲ.

ಮರುದಿನ ಸಹೋದ್ಯೋಗಿಯೊಬ್ಬರು ಇನ್ನೊಂದು ವಿಷಯ ಹೇಳಿದರು. ಅಲ್ಲಿ ವಯಸ್ಸಲ್ಲ, ಎತ್ತರ ಮುಖ್ಯವಂತೆ. ಎದೆ ನಡುಗಿಸುವ ದೊಡ್ಡ ಆಟಗಳಿಗೆ 140 ಸೆಂಟಿಮೀಟರ್ ಇರಬೇಕು. ಕಡಿಮೆಯಿದ್ದರೆ ಎಷ್ಟು ಅತ್ತರೂ ಬಿಡುವುದಿಲ್ಲ. ಬಿಡಬಾರದು ಕೂಡ, ಆ ಆಸನದ ಪಟ್ಟಿಗಳು ಸಣ್ಣ ಮೈಗೆ ಹಿಡಿಯುವುದಿಲ್ಲ. ಮನೆಗೆ ಬಂದು ಅಳತೆಯ ಟೇಪು ಹುಡುಕಿ ಅಡಿಗೆಮನೆಯ ಬಾಗಿಲ ಬಳಿ ಹೋದೆ. ಬಾಗಿಲ ಹಿಂಬದಿಯ ಚೌಕಟ್ಟಿನಲ್ಲಿ ಪೆನ್ಸಿಲಿನ ಸಣ್ಣ ಸಣ್ಣ ಗೆರೆಗಳಿದ್ದುವು. ಒಂದೊಂದರ ಪಕ್ಕದಲ್ಲೂ ಮಗಳ ಅಕ್ಷರದಲ್ಲಿ ತಾರೀಕು. ಕೊನೆಯ ಗೆರೆ 137. ಅದಕ್ಕಿಂತ ಮೂರು ಬೆರಳು ಮೇಲೆ ಇನ್ನೊಂದು ಗೆರೆ, ಅದಕ್ಕೆ ತಾರೀಕಿಲ್ಲ. 140 ಎಂದಷ್ಟೇ ಬರೆದಿತ್ತು.

ಕೇಳುವುದನ್ನು ನಿಲ್ಲಿಸಿದ್ದಳು, ಬಯಸುವುದನ್ನು ನಿಲ್ಲಿಸಿರಲಿಲ್ಲ. ನಾನು ಆ ಗೆರೆಗಳ ಮುಂದೆ ಬಹಳ ಹೊತ್ತು ನಿಂತಿದ್ದೆ.

ನನಗೆ ನನ್ನ ಅಪ್ಪ ನೆನಪಾದರು. ಜನವರಿಯಲ್ಲಿ ಕುಂಬಳೆ ಬೆಡಿಗೆ ಹೋದಾಗ ಅವರು ತಪ್ಪದೆ ಒಂದು ಸುತ್ತು ತೊಟ್ಟಿಲಿಗೆ ಕೂರಿಸುತ್ತಿದ್ದರು. ಮರದ ನಾಲ್ಕು ಪೆಟ್ಟಿಗೆ, ಕೈಯಲ್ಲಿ ತಿರುಗಿಸುವ ಇಬ್ಬರು ಗಂಡಸರು. ಒಂದೇ ಸುತ್ತಿನ ಕರಾರು, ಎರಡನೆಯದಕ್ಕೆ ಹಣವಿಲ್ಲ. ಆದರೆ ಒಂದು ವರ್ಷವೂ ಆ ಒಂದು ಸುತ್ತು ತಪ್ಪಿದ್ದಿಲ್ಲ. ಅಪ್ಪನಲ್ಲಿ ಡೈರಿಯೂ ಇರಲಿಲ್ಲ, ಯೋಜನೆಯೂ ಇರಲಿಲ್ಲ.

ರಾತ್ರಿ ಮಗಳನ್ನು ಕೂರಿಸಿ ಕೇಳಿದೆ, “ಇನ್ನು ಮೂರು ಸೆಂಟಿಮೀಟರ್ ಬಾಕಿ ಇದೆ. ಬರುವ ವರ್ಷ ಹೋದರೆ ದೊಡ್ಡ ಆಟವೆಲ್ಲ ಆಡಬಹುದು. ಕಾಯುವನಾ?”

ಅವಳು ಯೋಚಿಸಿ ಹೇಳಿದಳು, “ನಾನು ಉದ್ದ ಆಗುವಾಗ ಅಜ್ಜಿಗೆ ನಡೆಯಲಿಕ್ಕೆ ಆಗ್ತದಾ ಅಪ್ಪ?”

ಇಷ್ಟು ದಿನ ನಾನು ಲೆಕ್ಕವನ್ನು ತಪ್ಪು ಕಡೆಯಿಂದ ಸುರುಮಾಡಿದ್ದೆ. ಮೊದಲು ಹಣ, ಆಮೇಲೆ ರಜೆ, ಆಮೇಲೆ ರೈಲು, ಕೊನೆಗೆ ಮಕ್ಕಳು. ಸುರುಮಾಡಬೇಕಾದದ್ದು ಈ ವರ್ಷದ ಮಗಳ ಎತ್ತರದಿಂದ, ಮಗನ ನಿದ್ದೆಯಿಂದ, ಅಮ್ಮನ ಮೊಣಕಾಲಿನಿಂದ. ಹಾಗೆ ಬರೆದಾಗ ಉತ್ತರ ಹತ್ತಿರದಲ್ಲೇ ಸಿಕ್ಕಿತು: ಕಣ್ಣೂರು ಜಿಲ್ಲೆಯ ಪರಶ್ಶಿನಿಕಡವು. ಅಲ್ಲಿ ಸಹಕಾರಿ ರಂಗದವರು 2008ರಲ್ಲಿ ತೆರೆದ ವಿಸ್ಮಯ ಎಂಬ ಉದ್ಯಾನವಿದೆ. ಹತ್ತಿರದಲ್ಲೇ ಹಾವುಗಳ ಉದ್ಯಾನ. ವಳಪಟ್ಟಣಂ ಹೊಳೆಯ ದಂಡೆಯಲ್ಲಿ ಅಮ್ಮ ಎಷ್ಟೋ ವರ್ಷಗಳಿಂದ ನೋಡಬೇಕೆಂದಿದ್ದ ಮುತ್ತಪ್ಪನ ಸನ್ನಿಧಿ. ರಾತ್ರಿ ಪ್ರಯಾಣವಿಲ್ಲ, ಬರ್ತಿನ ಚಿಂತೆಯಿಲ್ಲ. ಬೆಳಗ್ಗಿನ ರೈಲು ಹತ್ತಿದರೆ ಕಣ್ಣೂರು, ಅಲ್ಲಿಂದ ಬಸ್ಸು.

ಎಪ್ರಿಲಿನ ಒಂದು ಮಂಗಳವಾರ ಆರಿಸಿದೆ. ಎರಡನೆಯ ಶನಿವಾರ ಬ್ಯಾಂಕಿಗೆ ರಜೆಯಿದ್ದರೂ ಅಂದು ಊರಿಗೆಲ್ಲ ರಜೆ. ಸಣ್ಣ ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸುವುದಕ್ಕಿಂತ ಒಂದು ದಿನದ ರಜೆ ಖರ್ಚು ಮಾಡುವುದು ಲಾಭ. ನೀರಿಗೆ ಇಳಿಯಲು ಹತ್ತಿಯ ಬಟ್ಟೆಯಲ್ಲ, ನೈಲಾನಿನದು ಬೇಕೆಂದು ಮೊದಲೇ ಹೊಲಿಸಿದೆವು. ಮಗನ ಕಿಸೆಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ನನ್ನ ಫೋನ್ ನಂಬರು, ಕನ್ನಡ, ಮಲಯಾಳ ಎರಡರಲ್ಲೂ. ಯಾರಾದರೂ ತಪ್ಪಿಸಿಕೊಂಡರೆ ಅಜ್ಜಿ ಕೂತ ಜಾಗಕ್ಕೆ ಬರಬೇಕು ಎಂದು ನಿಯಮ. ಅಜ್ಜಿಗೆ ನೆರಳು, ಕುರ್ಚಿ, ಮನೆಯ ಮಜ್ಜಿಗೆ.

ಮಗಳು ತಮ್ಮನ ಕೈಹಿಡಿದು ನೀರಿಗೆ ಇಳಿದವಳು ಸಂಜೆಯವರೆಗೆ ಮೇಲೆ ಬರಲಿಲ್ಲ. ಅಮ್ಮ ಕುರ್ಚಿಯನ್ನು ನೀರಿನ ಅಂಚಿಗೆ ಎಳೆಸಿಕೊಂಡು, ಸೀರೆ ಮೊಣಕಾಲಿಗೆ ಎತ್ತಿ, ಕಾಲನ್ನು ನೀರಿಗೆ ಇಳಿಬಿಟ್ಟಳು. ಅವಳು ಹಾಗೆ ನಗುವುದನ್ನು ಅಪ್ಪ ಹೋದ ಮೇಲೆ ನಾನು ನೋಡಿರಲಿಲ್ಲ.

ಸಂಜೆ ಸನ್ನಿಧಿಗೆ ಹೋದೆವು. ಜಾತಿ, ಮತ ಕೇಳದೆ ಎಲ್ಲರನ್ನೂ ಬರಗೊಡುವ ದೈವ ಅದು. ಅಮ್ಮ ಪುತ್ತೂರು ಕಡೆಯವಳು. ಐವತ್ತು ವರ್ಷ ಇಲ್ಲಿದ್ದರೂ ಅವಳ ಮಲಯಾಳ ಬಸ್ಸಿನ ಕಂಡಕ್ಟರನಿಗೆ ಸಾಲುವಷ್ಟೇ. ಮುತ್ತಪ್ಪ ಅವಳ ಕೈ ಹಿಡಿದು ಕಷ್ಟ ವಿಚಾರಿಸಿದಾಗ ಮೊಮ್ಮಗಳು ನಡುವೆ ನಿಂತು ಅತ್ತಣದ್ದನ್ನು ಇತ್ತ, ಇತ್ತಣದ್ದನ್ನು ಅತ್ತ ಹೇಳಿದಳು. ಎರಡು ಭಾಷೆಯ ಮನೆಯಲ್ಲಿ ಮಕ್ಕಳು ಯಾವುದಕ್ಕೂ ಸೇರದೆ ಹೋಗುತ್ತಾರೋ ಎಂದು ನಾನು ಆಗಾಗ ಚಿಂತಿಸುವುದುಂಟು. ಅಂದು ಅವಳು ಎರಡಕ್ಕೂ ಸೇರಿದ್ದಳು. ಪ್ರಸಾದದ ಬೇಯಿಸಿದ ಕಾಳು, ತೆಂಗಿನ ಹೋಳು, ಚಹಾ ಕೈಯಲ್ಲಿ ಹಿಡಿದು ಹೊಳೆಯ ಮೆಟ್ಟಿಲಲ್ಲಿ ಕುಳಿತೆವು. ಮಗ ಅಜ್ಜಿಯ ಮಡಿಲಲ್ಲಿ ನಿದ್ದೆಹೋಗಿದ್ದ.

ದೊಡ್ಡ ಉದ್ಯಾನದ ಸಾಲ ಇನ್ನೂ ತೀರಿಲ್ಲ. ಜೂನಿನಲ್ಲಿ ಶಾಲೆ ತೆರೆದಾಗ ಬಾಗಿಲ ಹಿಂದೆ ಹೊಸ ಗೆರೆ ಬಂತು, 138. ಈ ಸಲ ಗೆರೆ ಎಳೆಯಲು ನನ್ನನ್ನೇ ಕರೆದಳು.

“ಅಪ್ಪ, ಬೆಂಗಳೂರಿಗೆ ಯಾವಾಗ?”

ಈಗ ದಿನಕ್ಕೆರಡು ಸಲ ಕೇಳುತ್ತಾಳೆ. ಇದಕ್ಕಿಂತ ಹೆಚ್ಚಿನ ಬಡ್ಡಿ ಯಾವ ಠೇವಣಿಗೂ ಸಿಗಲಾರದು.