ಸಫಾರಿಗೆ ಹೊರಟ ಸಫಾರಿ: ಬೇತಮಂಗಲದಿಂದ ಆಫ್ರಿಕಾಕ್ಕೆ 15 ಕೆ.ಜಿ. ಸ್ಟೈಲು!

ಟೊಮೆಟೊ ತೂಗುವ ಮೆಷಿನ್ ಮೇಲೆ ಸೂಟ್‌ಕೇಸ್ ಕೂರಿಸಿದ್ದನ್ನು ಯಾವತ್ತಾದರೂ ನೋಡಿದ್ದೀರಾ? ಬೇತಮಂಗಲದಲ್ಲಿ ನೋಡಿದವರಿದ್ದಾರೆ. ಸೂಟ್‌ಕೇಸ್ ನನ್ನದು, ಮೆಷಿನ್ ನಮ್ಮಪ್ಪನದು, ಸುತ್ತ ನಿಂತು ನಕ್ಕವರು ನಮ್ಮ ಬೀದಿಯವರು. ಕೆಂಪು ಅಂಕಿ ತೋರಿಸಿದ್ದು 24 ಕೆ.ಜಿ. 300 ಗ್ರಾಂ!

'ಬರೀ ಏಳು ದಿನಕ್ಕಾ ಇಷ್ಟೊಂದು? ಸಂಸಾರ ಹೂಡಕ್ಕೆ ಹೋಗ್ತಿದೀಯೇನೋ?' ಅಂದರು ಎದುರುಮನೆ ಅಜ್ಜಿ.

ವಿಷಯ ಇಷ್ಟೇ ಸ್ವಾಮಿ. ಬಂಗಾರಪೇಟೆಯ ನನ್ನ ಗೆಳೆಯನೊಬ್ಬ ನೈರೋಬಿಯಲ್ಲಿ ಟೂರ್ ಕಂಪನಿಯೊಂದರ ಲೆಕ್ಕಪತ್ರ ಬರೆಯುತ್ತಾನೆ. 'ಮಗಾ, ಆಗಸ್ಟ್‌ನಲ್ಲಿ ಬಾ, ಸ್ಟಾಫ್ ರೇಟಲ್ಲಿ ಸೀಟು ಹಾಕಿಸ್ತೀನಿ. ಆದ್ರೆ ಲಗೇಜು 15 ಕೆ.ಜಿ., ಅದೂ ಮೆತ್ತನೆ ಬ್ಯಾಗು. ಪೆಟ್ಟಿಗೆ ತಂದ್ಯೋ, ಅದನ್ನ ನನ್ ರೂಮಲ್ಲಿ ಬಿಟ್ಟು ಬರಿಗೈಲಿ ಕಾಡಿಗೆ ಹೋಗ್ಬೇಕು' ಅಂತ ಮೊದಲೇ ಎಚ್ಚರಿಸಿದ್ದ. ನೈರೋಬಿಯ ವಿಲ್ಸನ್ ಏರ್‌ಪೋರ್ಟಿನಿಂದ ಮಸಾಯಿ ಮಾರಾಕ್ಕೆ ಹಾರುವುದು ಹತ್ತು ಹನ್ನೆರಡು ಸೀಟಿನ ಪುಟ್ಟ ವಿಮಾನ. ಸಾಮಾನು ತುರುಕುವ ಜಾಗ ಅದರ ಹೊಟ್ಟೆಯ ಕೆಳಗಿನ ಚಿಕ್ಕ ಡಬ್ಬಿ. ಗಟ್ಟಿ ಪೆಟ್ಟಿಗೆ ಅಲ್ಲಿ ಮಡಚಿಕೊಳ್ಳುವುದಿಲ್ಲ. ಕೈಚೀಲ, ಕ್ಯಾಮೆರಾ ಎಲ್ಲ ಸೇರಿಯೇ 15 ಕೆ.ಜಿ.

ನಮ್ಮ ಕಡೆ 15 ಕೆ.ಜಿ. ಅಂದರೆ ಎಷ್ಟು ಅಂತ ಮೂರನೇ ಕ್ಲಾಸಿನ ಹುಡುಗನೂ ಹೇಳುತ್ತಾನೆ. ಕೋಲಾರ ಮಾರ್ಕೆಟ್ಟಿನ ಒಂದು ಬಾಕ್ಸ್ ಟೊಮೆಟೊ! 2023ರ ಜುಲೈನಲ್ಲಿ ಆ ಒಂದು ಬಾಕ್ಸಿನ ರೇಟು 2,000 ರೂಪಾಯಿ ದಾಟಿ ದೇಶದ ಪತ್ರಿಕೆಗಳಲ್ಲೆಲ್ಲ ಬಂತಲ್ಲ, ಆಗ ನಮ್ಮ ಮುಕ್ಕಾಲು ಎಕರೆಯಲ್ಲೂ ಕಾಯಿ ಇತ್ತು. ನನ್ನ ಟಿಕೆಟ್ಟಿನ ಅರ್ಧ ದುಡ್ಡು ಬಂದದ್ದು ಅದರಿಂದ. ಇನ್ನರ್ಧ ನಿಮ್ಮಂಥ ಓದುಗರು ಬಸ್ ಸ್ಟ್ಯಾಂಡಿನಲ್ಲಿ ಪತ್ರಿಕೆ ಕೊಂಡ ಪುಣ್ಯ. ಪಿಯುಸಿ ಅರ್ಧಕ್ಕೆ ಬಿಟ್ಟು ಸಿನಿಮಾ ಬರೆಯಲು ಹೊರಟ ದಿನದಿಂದ ಅಪ್ಪ ನನ್ನ ಜೊತೆ ಆಡುತ್ತಿದ್ದ ಮಾತು ದಿನಕ್ಕೆ ನಾಲ್ಕು. ಆ ದುಡ್ಡು ಕೊಟ್ಟಾಗಲೂ ಏನೂ ಹೇಳಲಿಲ್ಲ. ಕವರು ಟೇಬಲ್ ಮೇಲಿಟ್ಟು ಹೊಲಕ್ಕೆ ಹೋದ.

ಅಮ್ಮನ ಮಾತೇ ಬೇರೆ. 'ಕಾಮಸಮುದ್ರದ ಕಡೆ ಆನೆ ಬಂತು ಅಂದ್ರೆ ಜನ ಪಟಾಕಿ ಹಚ್ಚಿ ಓಡಿಸ್ತಾರೆ. ನೀನು ದುಡ್ಡು ಕೊಟ್ಟು ಆನೆ ಇರೋ ಕಡೆ ಹೋಗ್ತೀಯಾ?'

ಸೂಟ್‌ಕೇಸಿನೊಳಗೆ ಏನಿತ್ತು?

ನಾಚಿಕೆ ಬಿಟ್ಟು ಹೇಳುತ್ತೇನೆ. ಮೂರು ನೀಲಿ ಜೀನ್ಸ್. ಆರು ಟೀ ಶರ್ಟು, ಅದರಲ್ಲಿ ನಾಲ್ಕರ ಮೇಲೆ ನಮ್ಮ ಹೀರೋ ಮುಖ. ರಾಬರ್ಟ್‌ಸನ್ ಪೇಟೆಯ ಎಂ.ಜಿ. ಮಾರ್ಕೆಟ್ಟಿನಲ್ಲಿ ಚೌಕಾಸಿ ಮಾಡಿ ತಂದ ಮಿಲಿಟರಿ ಹೂವಿನ ಪ್ಯಾಂಟು. ರೆಕ್ಸಿನ್ ಜಾಕೆಟ್. ಇಟ್ಟಿಗೆಯಂಥ ಬೂಟು. 2018ರ 'ಕೆ.ಜಿ.ಎಫ್' ಚಿತ್ರ ನಮ್ಮೂರ ಪಕ್ಕದ ಸೈನೈಡ್ ದಿಬ್ಬಗಳಲ್ಲೇ ಶೂಟಿಂಗ್ ಆದ ಮೇಲೆ ನಮ್ಮ ಕಡೆಯ ಹುಡುಗರಿಗೆ ಧೂಳು ಅಂದರೆ ಸ್ಲೋ ಮೋಷನ್ ಎಂಬ ನಂಬಿಕೆ. ನನಗೂ ಇತ್ತು. ಮೇಲೆ ಅಮ್ಮನ ಚಟ್ನಿಪುಡಿ, ಕೋಡುಬಳೆ ಎರಡು ಕೆ.ಜಿ.

ಒಂದೊಂದೇ ತೆಗೆದು ತೂಗಿದೆ. ಒಂದು ಜೀನ್ಸ್ ಮುಕ್ಕಾಲು ಕೆ.ಜಿ.! ನೆನೆದರೆ ಕೇಳಲೇಬೇಡಿ, ಎರಡು ದಿನವಾದರೂ ಒಣಗುವುದಿಲ್ಲ.

ತೂಕ ಬಿಡಿ, ಬಣ್ಣಕ್ಕೂ ಗೆಳೆಯ ಫೋನಿನಲ್ಲೇ ಕತ್ತರಿ ಹಾಕಿದ. ಆಫ್ರಿಕಾದ ಕೆಲವು ಕಾಡುಗಳಲ್ಲಿ ತ್ಸೆತ್ಸೆ ಎಂಬ ಕಚ್ಚುವ ನೊಣವಿದೆ. ಅದಕ್ಕೆ ಕಡುನೀಲಿ, ಕಪ್ಪು ಅಂದರೆ ಬಲು ಇಷ್ಟ. ಅದನ್ನು ಹಿಡಿಯಲು ಅಲ್ಲಿಯವರು ಕಟ್ಟುವ ಬೋನಿನ ಬಟ್ಟೆಯೇ ನೀಲಿ, ಕಪ್ಪು! ಅಂದರೆ ನನ್ನ ಮೂರು ಜೀನ್ಸೂ ಮೂರು ಬೋನು. ಇನ್ನು ಆ ಮಿಲಿಟರಿ ಪ್ಯಾಂಟು. ಜಿಂಬಾಬ್ವೆ, ಜಾಂಬಿಯಾ, ಉಗಾಂಡಗಳಲ್ಲಿ ಸೈನಿಕರಲ್ಲದವರು ಅದನ್ನು ಹಾಕುವುದೇ ಕಾನೂನಿಗೆ ವಿರುದ್ಧ. ಕೀನ್ಯಾದಲ್ಲೂ ಆ ತಂಟೆ ಬೇಡ ಅಂದ. ಹೀರೋ ಆಗಲು ಹೋಗಿ ಲಾಕಪ್ಪಿನಲ್ಲಿ ಕೂತರೆ ಬಿಡಿಸಲು ಸೆಕೆಂಡ್ ಹೀರೋ ಬರಬೇಕಲ್ಲ!

ಬಿಳಿಯೂ ಬೇಡ, ಧೂಳಿಗೆ ಅರ್ಧ ಗಂಟೆಯಲ್ಲಿ ಮುದುಕಾಗುತ್ತದೆ. ಉಳಿದದ್ದು ಮಣ್ಣಿನ ಬಣ್ಣ, ಒಣಹುಲ್ಲಿನ ಬಣ್ಣ, ಖಾಕಿ. ಖಾಕಿ ಎಂಬ ಮಾತಿನ ಅರ್ಥವೇ ಧೂಳಿನ ಬಣ್ಣದ್ದು ಅಂತ. ಈ ಬಟ್ಟೆಯನ್ನು 19ನೇ ಶತಮಾನದಲ್ಲೇ ಮಂಗಳೂರಿನ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆ ತಯಾರಿಸುತ್ತಿತ್ತು. ನಮ್ಮ ಸರಕನ್ನೇ ಪರದೇಶದ ಸ್ಟೈಲು ಅಂತ ನಾವು ಕೊಳ್ಳುವುದು ಹೊಸದೇನಲ್ಲ ಬಿಡಿ.

ತೆರೆಯ ಮೇಲಿನ ಸಫಾರಿ

ಈ ಸ್ಟೈಲಿನ ಹುಚ್ಚು ಹತ್ತಿಸಿದ್ದು ಸಿನಿಮಾವೇ. 1962ರ 'ಹಟಾರಿ'ಯಲ್ಲಿ ಜಾನ್ ವೇಯ್ನ್ ಜೀಪಿನಲ್ಲಿ ಘೇಂಡಾಮೃಗದ ಹಿಂದೆ ಬಿದ್ದದ್ದು ಈಗಿನ ತಾಂಜಾನಿಯಾದ ನಿಜವಾದ ಬಯಲಿನಲ್ಲಿ. ಹಟಾರಿ ಅಂದರೆ ಸ್ವಾಹಿಲಿ ಭಾಷೆಯಲ್ಲಿ ಅಪಾಯ. 1985ರಲ್ಲಿ 'ಔಟ್ ಆಫ್ ಆಫ್ರಿಕಾ' ಬಂತು. ಅದರಲ್ಲಿ ರಾಬರ್ಟ್ ರೆಡ್‌ಫೋರ್ಡ್, ಮೆರಿಲ್ ಸ್ಟ್ರೀಪ್ ತೊಟ್ಟ ಬಟ್ಟೆ ಹೊಲಿಸಿದ್ದು ಮಿಲೇನಾ ಕನೋನೆರೊ. ಆಮೇಲೆ ಕಾಡು ನೋಡದವರೂ ಖಾಕಿ ತೊಟ್ಟರು. ನಮ್ಮವರೇನು ಕಡಿಮೆ? 1986ರಲ್ಲಿ ದ್ವಾರಕೀಶ್ 'ಆಫ್ರಿಕಾದಲ್ಲಿ ಶೀಲಾ' ತೆಗೆಯಲು ಯೂನಿಟ್ಟನ್ನೇ ಆಫ್ರಿಕಾಕ್ಕೆ ಹಾರಿಸಿದರು. ಸಾಹಸ ಅಂದರೆ ಅದು!

ಆದರೂ ನನ್ನನ್ನು ಕೇಳಿದರೆ ಕಾಡಿನ ಡ್ರೆಸ್ಸಿನಲ್ಲಿ 1973ರ 'ಗಂಧದ ಗುಡಿ'ಯ ಅಣ್ಣಾವ್ರನ್ನು ಮೀರಿಸಿದವರಿಲ್ಲ. ಎಂ.ಪಿ. ಶಂಕರ್ ನಿರ್ಮಾಣದ ಆ ಚಿತ್ರದಲ್ಲಿ ಫಾರೆಸ್ಟ್ ಆಫೀಸರ್ ಯೂನಿಫಾರಂ ಒಂದೇ ಸಾಕಾಯಿತು ನೋಡಿ. ಅಲ್ಲೇ ನನಗೆ ಹೊಳೆದದ್ದು. ಹೀರೋ ಒಂದು ಸೀನಿನಲ್ಲಿ ನಡುವೆ ಶರ್ಟು ಬದಲಾಯಿಸಿದರೆ ಏನಾಗುತ್ತೆ? ಕಂಟಿನ್ಯೂಟಿ ಕೆಟ್ಟಿತು ಅಂತ ಅಸಿಸ್ಟೆಂಟ್ ಡೈರೆಕ್ಟರಿಗೆ ಬೈಗುಳ ಬೀಳುತ್ತೆ. ಆರು ದಿನದ ಸಫಾರಿಯನ್ನು ಒಂದೇ ಸೀನು ಅಂದುಕೊಳ್ಳಿ. ಪ್ರತಿ ಫೋಟೋದಲ್ಲೂ ಬೇರೆ ಬೇರೆ ಶರ್ಟು ಇರಬೇಕೆಂಬ ಆಸೆ ಬಿಟ್ಟರೆ ಅರ್ಧ ಬ್ಯಾಗು ಖಾಲಿ.

ಕೊನೆಗೆ ಹೀಗೆ ತೀರ್ಮಾನವಾಯಿತು: ತೆಳು ಕಾಟನ್ ಪ್ಯಾಂಟು ಎರಡು, ಒಂದು ಮೈಮೇಲೆ, ಒಂದು ಬ್ಯಾಗಲ್ಲಿ. ಫುಲ್ ತೋಳಿನ ಶರ್ಟು ಎರಡು. ಸಂಜೆ ಸೊಳ್ಳೆಗೆ ಅದೇ ಬೇಲಿ. ಒಂದು ದಪ್ಪ ಸ್ವೆಟರು. ಆಫ್ರಿಕಾ ಅಂದರೆ ಕಾದ ಹಂಚು ಎಂದುಕೊಂಡವರು ಕೇಳಿ, ನೈರೋಬಿ ಸಮುದ್ರ ಮಟ್ಟದಿಂದ 1,700 ಮೀಟರಿಗೂ ಮೇಲಿದೆ, ನಮ್ಮ ಬೆಂಗಳೂರು 900ರ ಆಸುಪಾಸು. ಆಗಸ್ಟಿನ ಬೆಳಗ್ಗೆ ಆರಕ್ಕೆ ಮೇಲ್ಛಾವಣಿ ತೆರೆದ ಜೀಪಿನಲ್ಲಿ ಹಲ್ಲು ಕಟಕಟ ಅನ್ನುತ್ತೆ. ಕಾಲಿಗೆ ಕ್ಯಾನ್ವಾಸ್ ಶೂ, ರಾತ್ರಿಗೆ ಹವಾಯಿ ಚಪ್ಪಲಿ, ಮಲಗಲು ಲುಂಗಿ. ಟೋಪಿಗೆ ಗಲ್ಲದ ದಾರ ಇರಲೇಬೇಕು, ಇಲ್ಲದಿದ್ದರೆ ಮೊದಲ ಗಾಳಿಗೇ ಅದು ಸಿಂಹದ ಪಾಲು. ಸ್ಟೈಲಿಗೆ? ಅಮ್ಮನ ಕೈಯಿಂದ ಕಿತ್ತುಕೊಂಡ ತೆಳು ಕಾಟನ್ ಟವೆಲ್! ಕುತ್ತಿಗೆಗೆ ಸುತ್ತಿದರೆ ಸ್ಕಾರ್ಫು, ಮೂಗಿಗೆ ಕಟ್ಟಿದರೆ ಧೂಳಿಗೆ ತಡೆ, ಸ್ನಾನವಾದರೆ ಟವೆಲ್ಲೇ. ಹೀರೋ ಮುಖದ ಟೀ ಶರ್ಟು ಒಂದೇ ಒಂದು ಉಳಿಯಿತು, ಸ್ವೆಟರಿನ ಒಳಗೆ, ಎದೆಗೆ ಹತ್ತಿರ.

ಬಟ್ಟೆ ಸುತ್ತಿದ್ದ ಜವಳಿ ಅಂಗಡಿಯ ಪ್ಲಾಸ್ಟಿಕ್ ಕವರುಗಳನ್ನೂ ತೆಗೆದೆ. ಕೀನ್ಯಾದಲ್ಲಿ 2017ರ ಆಗಸ್ಟ್‌ನಿಂದ ಪ್ಲಾಸ್ಟಿಕ್ ಚೀಲ ನಿಷೇಧ. ಕಾಡುಗಳೊಳಗೆ ಒಮ್ಮೆ ಬಳಸಿ ಎಸೆಯುವ ನೀರಿನ ಬಾಟಲಿಯನ್ನೂ 2020ರಿಂದ ಬಿಡುವುದಿಲ್ಲ. ಹಾಗಾಗಿ ಹಳೆಯ ದಿಂಬಿನ ಚೀಲ, ಸ್ಟೀಲ್ ಬಾಟಲಿ. ಅಲ್ಲಿನ ಕರೆಂಟ್ ಪಾಯಿಂಟಿಗೆ ಮೂರು ಚೌಕದ ಪಿನ್ನು, ನಮ್ಮ ದುಂಡು ಪಿನ್ನು ಹೋಗದು, ಅದಕ್ಕೊಂದು ಅಡಾಪ್ಟರ್. ತೂಕವೇ ಇಲ್ಲದ, ಆದರೆ ಮರೆತರೆ ಕೆಡುವ ವಸ್ತು ಹಳದಿ ಜ್ವರದ ಲಸಿಕೆಯ ಕಾರ್ಡು. ಕನಿಷ್ಠ 10 ದಿನ ಮುಂಚೆ ಚುಚ್ಚಿಸಿಕೊಳ್ಳಬೇಕು. ಅದಿಲ್ಲದೆ ಕೀನ್ಯಾದಿಂದ ವಾಪಸ್ ಬಂದರೆ ನಮ್ಮದೇ ಏರ್‌ಪೋರ್ಟಿನವರು ಕ್ವಾರಂಟೈನಿಗೆ ಕಳಿಸಬಹುದು. ಮಲೇರಿಯಾ ಮಾತ್ರೆಯ ವಿಷಯ ಡಾಕ್ಟರನ್ನೇ ಕೇಳಿ, ಸಿನಿಮಾ ಪತ್ರಕರ್ತನನ್ನಲ್ಲ.

ಮತ್ತೆ ತೂಗಿದೆ. 13 ಕೆ.ಜಿ. 900. ಎದುರುಮನೆ ಅಜ್ಜಿಗೂ ಖುಷಿ.

ಅಪ್ಪನ ಪ್ರಶ್ನೆ

ಹೊರಡುವ ಹಿಂದಿನ ರಾತ್ರಿ ಅಪ್ಪ ಬೀರು ತೆಗೆದ. ಬೀರುವಿನ ತಳದಿಂದ ನುಸಿಗುಳಿಗೆ ವಾಸನೆಯ ಒಂದು ಗಂಟು ಬಂತು. ಒಳಗೆ ತಿಳಿಕಂದು ಟೆರಿಕಾಟ್ ಸಫಾರಿ ಸೂಟು! ಅವನ ಮದುವೆಗೆ ರಾಬರ್ಟ್‌ಸನ್ ಪೇಟೆಯಲ್ಲಿ ಹೊಲಿಸಿದ್ದು. ಆಗ ಸಫಾರಿ ಅಂದರೆ ಸಫಾರಿ! ಆ ಕಾಲದ ಚಿತ್ರಗಳಲ್ಲಿ ಪೊಲೀಸ್ ಕಮೀಷನರಿಗೂ ಅದೇ, ಅವರು ಹಿಡಿಯಬೇಕಾದ ಸ್ಮಗ್ಲರಿಗೂ ಅದೇ.

'ಸಫಾರಿಗೆ ಹೋಗೋನು ಸಫಾರಿ ಹಾಕ್ದೆ ಹೋಗ್ತೀಯಾ?' ಅಂದ.

ಹಾಸ್ಯ ಮಾಡಿದನೋ, ನಿಜವಾಗಿ ಕೇಳಿದನೋ ಗೊತ್ತಾಗಲಿಲ್ಲ. ಅಪ್ಪ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದವನು. ನಮ್ಮ ಬೇತಮಂಗಲದ ಪಾಲಾರ್ ಕೆರೆಯ ನೀರು ಕೆ.ಜಿ.ಎಫ್‌ಗೆ ಹೋಗುತ್ತಿತ್ತು, ನಮ್ಮೂರ ಗಂಡಸರೂ ಹಾಗೆಯೇ ದಿನಾ ಹೋಗುತ್ತಿದ್ದರು. ಚಾಂಪಿಯನ್ ರೀಫ್ ಗಣಿಯ ಆಳ ಮೂರು ಕಿಲೋಮೀಟರಿಗೂ ಮಿಗಿಲು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದಾಗ ನಾನು ಮೂರು ವರ್ಷದವ. ಆ ಮೇಲೆ ಈ ಸೂಟು ಅಪ್ಪನ ಮೈಮೇಲೆ ಬಂದದ್ದು ನಾನಂತೂ ನೋಡಿಲ್ಲ.

ಅವತ್ತು ಅಪ್ಪ ನನ್ನ ಬ್ಯಾಗು ಬಿಚ್ಚಿ, ಒಂದೊಂದು ವಸ್ತುವನ್ನೂ ತೆಗೆದು ನೋಡಿದ. 'ಕೆಳಗೆ ಇಳಿಯೋವಾಗ ನಮ್ದು ಟಿಫನ್ ಡಬ್ಬಿ, ನೀರು, ತಲೆ ಮೇಲೆ ಲೈಟು. ಬರೋವಾಗ ಗೇಟಲ್ಲಿ ಜೇಬೆಲ್ಲ ತಡಕೋರು. ಬೇಡದ್ದು ಇಟ್ಕೊಂಡೋನಿಗೇ ಗೋಳು' ಅಂತ ಹೇಳಿ ಹೇರ್ ಜೆಲ್ ಡಬ್ಬಿ, ಎರಡನೇ ಬೆಲ್ಟು, ಕೂಲಿಂಗ್ ಗ್ಲಾಸಿನ ಎರಡನೇ ಜೊತೆ ಹೊರಗಿಟ್ಟ. ಅಷ್ಟು ಮಾತು ಅವನ ಬಾಯಿಂದ ಕೇಳಿ ಹತ್ತು ವರ್ಷವಾಗಿತ್ತು.

ಸೂಟಿನ ಪ್ಯಾಂಟು ಬೆಲ್ ಬಾಟಂ ಜಾತಿಯದು, ತೂಕವೂ ಜಾಸ್ತಿ. ಬಿಟ್ಟೆ. ಮೇಲಂಗಿ ಮಾತ್ರ ತೊಟ್ಟುಕೊಂಡೆ. ಭುಜ ಸ್ವಲ್ಪ ದೊಡ್ಡದು, ಆದರೆ ಬಣ್ಣ ಹೇಳಿ ಮಾಡಿಸಿದ್ದು. ಮತ್ತೆ ನಾಲ್ಕು ಜೇಬು!

ಆ ಜೇಬುಗಳ ಬೆಲೆ ಗೊತ್ತಾದದ್ದು ವಿಲ್ಸನ್ ಏರ್‌ಪೋರ್ಟಿನಲ್ಲಿ. ಗೆಳೆಯ ಬೈನಾಕ್ಯುಲರ್ ಕೊಟ್ಟಿದ್ದ, ನಾನು ನೈರೋಬಿಯಲ್ಲಿ ಕಾಫಿಪುಡಿ ಕೊಂಡಿದ್ದೆ, ತೂಕ 15 ದಾಟಿತು. ಅಲ್ಲೇ ನಿಂತು ಬೈನಾಕ್ಯುಲರ್, ಚಾರ್ಜರ್, ಬ್ಯಾಟರಿ, ಕಾಫಿಪುಡಿ ಎಲ್ಲವನ್ನೂ ನಾಲ್ಕು ಜೇಬಿಗೆ ಹಂಚಿದೆ. ಕೌಂಟರಿನವ ಬ್ಯಾಗು ನೋಡಿದ, ನನ್ನ ಉಬ್ಬಿದ ಹೊಟ್ಟೆ ನೋಡಿದ, ನಕ್ಕು ಚೀಟಿ ಅಂಟಿಸಿದ.

ಮಾರಾದಲ್ಲಿ ನದಿ ದಾಟುವ ಕಾಡೆಮ್ಮೆಯಂಥ ವೈಲ್ಡ್‌ಬೀಸ್ಟುಗಳನ್ನು ನೋಡಿದೆ, ಸಿಂಹವನ್ನೂ ನೋಡಿದೆ. ಅದನ್ನೆಲ್ಲ ಟಿವಿಯಲ್ಲಿ ನೀವೂ ನೋಡಿದ್ದೀರಿ, ಬಿಡಿ. ಟಿವಿಯಲ್ಲಿ ಇಲ್ಲದ್ದೆಂದರೆ ಡ್ರೈವರ್ ಹೇಳಿದ ಮಾತು. ಸಫಾರಿ ಅಂದರೆ ಸ್ವಾಹಿಲಿಯಲ್ಲಿ ಪ್ರಯಾಣ, ಅಷ್ಟೇ. ನಮ್ಮ ಕಡೆ ಸಫರ್ ಅಂತಾರಲ್ಲ, ಅದೇ ಅರಬ್ಬಿ ಮೂಲ. ಅವನು ರಜೆಗೆ ಅಮ್ಮನ ಊರಿಗೆ ಬಸ್ಸಿನಲ್ಲಿ ಹೋದರೂ ಸಫಾರಿಯೇ. ಹಾಗಾದರೆ ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲಿನಲ್ಲಿ ನಿಂತು ಹೋಗುವುದೂ ಸಫಾರಿಯೇ!

ಬೆಳಗ್ಗೆ ಸ್ವೆಟರಿನ ಮೇಲೆ ಸಫಾರಿ, ಹತ್ತು ಗಂಟೆಗೆ ಸ್ವೆಟರು ಬ್ಯಾಗಿಗೆ. ಟೆರಿಕಾಟ್ ಬೆವರು ಕುಡಿಯುವುದಿಲ್ಲ, ಮಧ್ಯಾಹ್ನ ಬೆನ್ನು ಕೆರೆಯುತ್ತೆ, ಸುಳ್ಳು ಹೇಳಲಾರೆ. ಆದರೆ ರಾತ್ರಿ ಬಕೆಟ್ಟಿನಲ್ಲಿ ಅದ್ದಿ ಹಿಂಡಿದರೆ ಬೆಳಗಿನ ಟೀ ಹೊತ್ತಿಗೆ ಒಣಗಿ, ಇಸ್ತ್ರಿ ಹಾಕಿದಂತೆ ನಿಂತಿರುತ್ತಿತ್ತು. ಪಕ್ಕದ ಟೆಂಟಿನ ಇಟಲಿಯವ ಮುಟ್ಟಿ ನೋಡಿ ಎಲ್ಲಿ ಕೊಂಡೆ ಅಂತ ಕೇಳಿದ. ರಾಬರ್ಟ್‌ಸನ್ ಪೇಟೆ ಅಂದೆ. ಲಂಡನ್ ಪಕ್ಕ ಇರಬೇಕು ಅಂದುಕೊಂಡನೋ ಏನೋ, ಗೌರವದಿಂದ ತಲೆದೂಗಿದ.

ಕೊನೆಯ ಎರಡು ದಿನ ತ್ಸಾವೊ. ನೈರೋಬಿಯಿಂದ ರೈಲಿನಲ್ಲಿ ಹೋಗಿ ವೋಯಿಯಲ್ಲಿ ಇಳಿದೆ. ಈ ಹೊಸ ಲೈನು ಶುರುವಾದದ್ದು 2017ರಲ್ಲಿ. ಇದರ ಪಕ್ಕದ ಹಳೆಯ ಲೈನನ್ನು 1896ರಿಂದ 1901ರವರೆಗೆ ಹಾಕಿದವರು ಭಾರತದಿಂದ ಹಡಗಿನಲ್ಲಿ ಹೋದ ಸುಮಾರು 32,000 ಕೂಲಿಗಳು. 1898ರಲ್ಲಿ ತ್ಸಾವೊ ಸೇತುವೆಯ ಬಳಿ ಎರಡು ಸಿಂಹಗಳು ಅವರ ಟೆಂಟಿಗೇ ನುಗ್ಗಿ ಎಳೆದೊಯ್ಯುತ್ತಿದ್ದವು. ಓಂ ಪುರಿ ನಟಿಸಿದ 1996ರ 'ದ ಘೋಸ್ಟ್ ಅಂಡ್ ದ ಡಾರ್ಕ್‌ನೆಸ್' ಇದೇ ಕಥೆ. ಆ ಕೂಲಿಗಳ ಲಗೇಜು ಎಷ್ಟು ಕೆ.ಜಿ. ಇದ್ದಿರಬಹುದು ಅಂತ ಕಿಟಕಿಯಲ್ಲಿ ಕೂತು ಯೋಚಿಸಿದೆ.

ತ್ಸಾವೊ ಆನೆಗಳು ಕೆಂಪು! ಅಲ್ಲಿನ ಕೆಮ್ಮಣ್ಣು ಮೈಮೇಲೆ ಎರಚಿಕೊಂಡು ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತವೆ. ಒಂದು ಗಂಟೆಯಲ್ಲಿ ನಾನೂ, ನನ್ನ ಟೋಪಿಯೂ, ಅಪ್ಪನ ಸಫಾರಿಯೂ ಅದೇ ಬಣ್ಣ.

ಊರಿಗೆ ಬಂದ ಮರುದಿನ ಅಮ್ಮ ಅದನ್ನು ಒಗೆಯಲು ಕೂತಳು. ಬಕೆಟ್ಟಿನ ನೀರು ಕೆಂಪಗಾಯಿತು. 'ಅಲ್ಲ ಕಣೋ, ಅಷ್ಟು ದೂರ ಹೋಗಿ ನಮ್ ಹೊಲದ್ ಮಣ್ಣೇ ತಂದಿದೀಯಲ್ಲೋ!' ಅಂದಳು. ಅಪ್ಪ ಜಗಲಿಯಲ್ಲಿ ಕೂತು ನನ್ನ ಫೋನಿನ ಫೋಟೋಗಳನ್ನು ಒಂದೊಂದೇ ಸರಿಸಿ ನೋಡುತ್ತಿದ್ದ. ಆನೆ ಬಂದಾಗ ಬೇಗ ಸರಿಸಿದ, ಸಫಾರಿ ಬಂದಾಗ ನಿಧಾನ.

'ಪ್ಯಾಂಟೂ ತಗೊಂಡು ಹೋಗಿದ್ರೆ ಅದೂ ಒಂದ್ಸಲ ನೋಡ್ಕೊಂಡು ಬರ್ತಿತ್ತು' ಅಂದ.