ಟೋಪಿ, ಬೂಟು ಮತ್ತು ಬೆಕೆಟ್

ಲಾರೆಲ್ ಮತ್ತು ಹಾರ್ಡಿಯ ಹಳೆಯ ಚಿತ್ರಗಳು ಎಲ್ಲಿ ಸಿಕ್ಕರೂ ನಾನು ಬಿಡುವವನಲ್ಲ. ಹಾರ್ಡಿ ಟೈ ಹಿಡಿದು ಆಡಿಸುವುದು, ಲಾರೆಲ್ ತಲೆ ಕೆರೆದುಕೊಳ್ಳುತ್ತ ಅಳುಮೋರೆ ಹಾಕುವುದು, ಎಷ್ಟು ನೋಡಿದರೂ ತೀರದ ಸೊಗಸು. ಸ್ಯಾಮ್ಯುಯೆಲ್ ಬೆಕೆಟ್‌ನ ‘ವೇಟಿಂಗ್ ಫಾರ್ ಗೋಡೋ’ ಓದಲು ಕೂತಾಗಲೂ ಈ ಜೋಡಿಯೇ ಕಣ್ಣ ಮುಂದೆ ಬರುತ್ತದೆ. ಅಲ್ಲಿಯೂ ಇಬ್ಬರು. ಇಬ್ಬರ ತಲೆಯ ಮೇಲೂ ಅದೇ ಗುಂಡುಟೋಪಿ. ಒಬ್ಬನಿಗೆ ಬೂಟಿನ ಕಾಟ, ಇನ್ನೊಬ್ಬನಿಗೆ ಟೋಪಿಯ ಕಾಟ.

1953ರಲ್ಲಿ ಪ್ಯಾರಿಸ್‌ನಲ್ಲಿ ಮೊದಲು ರಂಗಕ್ಕೆ ಬಂದಂದಿನಿಂದ ಈ ನಾಟಕದಲ್ಲಿ ದೇವರು, ಸಾವು, ಅಸಂಗತ ಎಲ್ಲವನ್ನೂ ವಿಮರ್ಶಕರು ಕಂಡಿದ್ದಾರೆ. ಇರಲಿ, ಅವೂ ಇವೆ. ಆದರೆ ಹರೆಯದ ಬೆಕೆಟ್ ಡಬ್ಲಿನ್ನಿನಲ್ಲಿ ಚಾಪ್ಲಿನ್, ಬಸ್ಟರ್ ಕೀಟನ್‌ರ ಚಿತ್ರಗಳಿಗೆ ಮನಸೋತವನು. ಎರಡನೆಯ ಅಂಕದಲ್ಲಿ ಎರಡು ತಲೆ, ಮೂರು ಟೋಪಿಗಳ ಅದಲುಬದಲು ಒಂದಿದೆ: ಹಾಕು, ತೆಗೆ, ಕೊಡು, ಮತ್ತೆ ಹಾಕು. ಮಾರ್ಕ್ಸ್ ಸಹೋದರರ ‘ಡಕ್ ಸೂಪ್’ (1933) ನೋಡಿದವರಿಗೆ ಈ ಆಟ ಹೊಸದಲ್ಲ. ನಮ್ಮ ಕಂಪನಿ ನಾಟಕಗಳ ಹಾಸ್ಯನಟರನ್ನು ಕಂಡವರಿಗೂ ಅಪರಿಚಿತವೆನಿಸದು.

ಬೆಕೆಟ್ ಈ ನಟರಿಂದ ಪಡೆದದ್ದು ಅವರ ತಾಳ್ಮೆಯನ್ನು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಕಾಲಿಗೆ ಕಚ್ಚಿಕೊಂಡ ಬೂಟನ್ನು ಎಳೆಯುತ್ತ, ಬೇರೇನೂ ನಡೆಯದೆ, ಪ್ರೇಕ್ಷಕ ಎದ್ದುಹೋಗದಂತೆ ಹೊತ್ತು ಕಳೆಯುವುದು ಹೇಗೆಂದು ತತ್ತ್ವಶಾಸ್ತ್ರ ಕಲಿಸುವುದಿಲ್ಲ. ಅದು ನಗೆನಟರ ಕಸುಬು.

1964ರಲ್ಲಿ ಬೆಕೆಟ್ ನ್ಯೂಯಾರ್ಕಿಗೆ ಹೋಗಿ, ಅಲನ್ ಷ್ನೈಡರ್ ನಿರ್ದೇಶನದ ‘ಫಿಲ್ಮ್’ ಎಂಬ ಕಿರುಚಿತ್ರದಲ್ಲಿ ಸಾಕ್ಷಾತ್ ಕೀಟನ್‌ನೊಂದಿಗೇ ಕೆಲಸ ಮಾಡಿದ. ಕೀಟನ್‌ಗೆ ಆಗ 68. ಇಬ್ಬರ ನಡುವೆ ಮಾತು ಬೆಳೆಯಲಿಲ್ಲವಂತೆ. ಆದರೆ ತನ್ನ ಹಳೆಯ ಚಪ್ಪಟೆ ಟೋಪಿಯನ್ನೇ ಹಾಕಿಕೊಳ್ಳಲೇ ಎಂದು ಕೀಟನ್ ಕೇಳಿದಾಗ ಬೆಕೆಟ್ ತಕ್ಷಣ ಒಪ್ಪಿದ. ಜಗತ್ತೇ ಗುರುತಿಸುವ ಆ ಮುಖವನ್ನು ಕ್ಯಾಮೆರಾ ಕೊನೆಯವರೆಗೂ ತೋರಿಸುವುದಿಲ್ಲ, ಬೆನ್ನ ಹಿಂದೆಯೇ ಸುತ್ತುತ್ತದೆ. ಮಧ್ಯೆ, ಕೋಣೆಯಿಂದ ಬೆಕ್ಕನ್ನು ಹೊರಹಾಕಿದರೆ ನಾಯಿ ಒಳಗೆ, ನಾಯಿಯನ್ನು ಹಾಕಿದರೆ ಬೆಕ್ಕು ಒಳಗೆ. ಇಡೀ ಚಿತ್ರದಲ್ಲಿ ನನಗೆ ತೀರಾ ಇಷ್ಟವಾದದ್ದು ಇದೇ. ಬರೆದವನು ಬೆಕೆಟ್, ಆದರೆ ಬಾಗಿಲ ಬಳಿಯ ಆ ಓಡಾಟದ ಲಯ ಪೂರ್ತಿಯಾಗಿ ಕೀಟನ್‌ನದು.