ಬರಿದಾಗಿ ಕಾಯುವ ಕಂಬ

ಷಿಕಾಗೋ ಎಂದೊಡನೆ ನಮ್ಮವರಿಗೆ ನೆನಪಾಗುವುದು 1893ರಲ್ಲಿ ಸ್ವಾಮಿ ವಿವೇಕಾನಂದರು ಮಾತನಾಡಿದ ಸರ್ವಧರ್ಮ ಸಮ್ಮೇಳನ. ಆ ಸ್ಥಳವನ್ನು ಕಾಣುವ ಹಂಬಲದಿಂದಲೇ ನಾನು ಚಳಿಗಾಲದಲ್ಲಿ ಅಣ್ಣನ ಮನೆಗೆ ಹೋದೆ. ಆದರೆ ಅಲ್ಲಿಂದ ನಾನು ಮನಸ್ಸಿನಲ್ಲಿ ಹೊತ್ತು ತಂದದ್ದು ಅವನ ಮನೆಯೆದುರಿನ, ಸೊಂಟದೆತ್ತರದ ಒಂದು ಕಬ್ಬಿಣದ ಕಂಬವನ್ನು.

ಮರುದಿನ ಬೆಳಗ್ಗೆ ಬೀದಿಯೆಲ್ಲ ಹಿಮದಡಿ ಹುದುಗಿತ್ತು. ಸಲಿಕೆ ಹಿಡಿದ ಅಣ್ಣ ಕಾರಿನತ್ತ ಹೋಗದೆ ಆ ಕಂಬದ ಸುತ್ತಲಿನ ಹಿಮವನ್ನು ತೆಗೆಯತೊಡಗಿದ. ನನ್ನ ಅಚ್ಚರಿಯನ್ನು ಕಂಡು, “ಕಾರು ಕಾಯುತ್ತದೆ ಕಣೋ, ಬೆಂಕಿ ಕಾಯುವುದಿಲ್ಲ” ಎಂದ. ಅದು ಅಗ್ನಿಶಾಮಕ ದಳದವರಿಗೆ ನೀರೊದಗಿಸುವ ಹೈಡ್ರಂಟ್.

ಬೆಂಕಿಯ ಭಯ ಆ ಊರಿಗೆ ಹೊಸದಲ್ಲ. 1871ರ ಅಕ್ಟೋಬರಿನ ಮಹಾದಹನದಲ್ಲಿ ಸುಮಾರು 300 ಮಂದಿ ಮಡಿದರು; ಸುಮಾರು ಒಂದು ಲಕ್ಷ ಜನ ಮನೆ ಕಳೆದುಕೊಂಡರು. ನೀರೆತ್ತುವ ಯಂತ್ರಾಗಾರವೇ ಉರಿದಾಗ, ಸಾಗರದಂತಹ ಮಿಷಿಗನ್ ಸರೋವರ ಪಕ್ಕದಲ್ಲಿದ್ದೂ ನಗರಕ್ಕೆ ನೀರಿಲ್ಲದಾಯಿತು.

ನೀರು ಕಲ್ಲಾಗುವ ಚಳಿಯಲ್ಲಿ ಈ ಹೈಡ್ರಂಟಿನ ಗತಿಯೇನು? ಹೆಪ್ಪುಗಟ್ಟುವಾಗ ನೀರು ಶೇಕಡಾ 9ರಷ್ಟು ಹಿಗ್ಗುತ್ತದೆ. ಎರಕದ ಕಬ್ಬಿಣವನ್ನೂ ಸೀಳಬಲ್ಲದು. ಅದಕ್ಕೆ ಹೂಡಿರುವ ಉಪಾಯ ಸರಳ: ಕಂಬದೊಳಗೆ ನೀರೇ ಇರುವುದಿಲ್ಲ! ಅಲ್ಲಿ ನೆಲ ಸುಮಾರು ಮೂರೂವರೆ ಅಡಿ ಆಳಕ್ಕೆ ಹೆಪ್ಪುಗಟ್ಟಬಹುದೆಂದು ಎಣಿಸಿ ಮನೆಗಳ ಅಡಿಪಾಯ ಹಾಕುತ್ತಾರೆ. ನೀರನ್ನು ತಡೆದಿರುವ ಕವಾಟ ಅದಕ್ಕಿಂತಲೂ ಕೆಳಗೆ, ಚಳಿ ಇಳಿಯದ ಆಳದಲ್ಲಿರುತ್ತದೆ. ಕಂಬದ ನೆತ್ತಿಯ ತಿರುಪನ್ನು ತಿರುಗಿಸಿದರೆ ಉದ್ದನೆಯ ಸಲಾಕೆಯೊಂದು ಆ ಕವಾಟವನ್ನು ತೆರೆಯುತ್ತದೆ; ನೀರು ಮೇಲೇರುತ್ತದೆ. ಕೆಲಸ ಮುಗಿಸಿ ಮುಚ್ಚಿದೊಡನೆ ಬುಡದ ಕಿರುರಂಧ್ರಗಳು ತೆರೆದುಕೊಂಡು, ಕಂಬದಲ್ಲಿ ಉಳಿದ ನೀರೆಲ್ಲ ನೆಲದೊಳಗಿನ ಜಲ್ಲಿಗೆ ಬಸಿದುಹೋಗುತ್ತದೆ. ಚಳಿಯ ಕಾಟವಿಲ್ಲದ ಕ್ಯಾಲಿಫೋರ್ನಿಯದ ಎಷ್ಟೋ ಊರುಗಳಲ್ಲಿ ಈ ಏರ್ಪಾಡು ಬೇಕಿಲ್ಲ; ಅಲ್ಲಿ ಕಂಬದ ತುಂಬ ನೀರು ನಿಂತೇ ಇರುತ್ತದೆ.

ಮೂರನೆಯ ರಾತ್ರಿ ಎದುರುಸಾಲಿನ ಮನೆಯೊಂದಕ್ಕೆ ಬೆಂಕಿ ಬಿತ್ತು. ಮನೆಯವರು ಮಗುವನ್ನು ಎದೆಗವಚಿಕೊಂಡು ಹಿಮದಲ್ಲಿ ನಿಂತಿದ್ದರು. ದಳದವರು ಅಣ್ಣ ಬಿಡಿಸಿಟ್ಟಿದ್ದ ಹೈಡ್ರಂಟಿನ ಬಾಯಿಗೆ ಕೊಳವೆ ಜೋಡಿಸಿ ತಿರುಪನ್ನು ತಿರುಗಿಸಿದರು. ಒಂದು ಕ್ಷಣ ಮೌನ. ಮರುಕ್ಷಣ ಚಪ್ಪಟೆಯಾಗಿ ಬಿದ್ದಿದ್ದ ಕೊಳವೆ ಉಬ್ಬಿ ಬಿಗಿಯಾಯಿತು. ಸ್ವಲ್ಪ ಹೊತ್ತಿನಲ್ಲಿ ಬೆಂಕಿ ಆರಿತು.

ಎಲ್ಲ ಮುಗಿದ ಮೇಲೆ ದಳದ ಯುವಕನೊಬ್ಬ ಕೈಗವಸು ಕಳಚಿ, ಅಂಗೈಯನ್ನು ಹೈಡ್ರಂಟಿನ ಬಾಯಿಗೆ ಒತ್ತಿ ಹಿಡಿದ. ಏಕೆಂದು ಕೇಳಿದೆ. ಒಳಗಿನ ನೀರು ಇಳಿಯುತ್ತಿದ್ದರೆ ಅಂಗೈಯನ್ನು ಒಳಕ್ಕೆ ಸೆಳೆಯುತ್ತದೆಯಂತೆ. ಸೆಳೆಯದಿದ್ದರೆ ನೀರು ಅಲ್ಲೇ ಉಳಿದು ಗಡ್ಡೆಕಟ್ಟಿ, ಮುಂದಿನ ಬೆಂಕಿಗೆ ಹೈಡ್ರಂಟ್ ಒದಗದೆ ಹೋದೀತು. ಆಗ ಪಂಪಿನಿಂದ ನೀರನ್ನು ಹೊರತೆಗೆಯಲೇಬೇಕು. ಆತ ಸ್ವಲ್ಪ ಹೊತ್ತು ಹಾಗೆಯೇ ನಿಂತು, ತೃಪ್ತಿಯಿಂದ ತಲೆಯಾಡಿಸಿದ.

ತುಂಬಿದ ಕೊಡ ಎದುರಾದರೆ ಶುಭ, ಬರಿಗೊಡ ಅಪಶಕುನ ಎಂಬ ಮಾತನ್ನು ಕೇಳುತ್ತ ಬೆಳೆದವನು ನಾನು. ಆ ರಾತ್ರಿ ಮಾತ್ರ ಕಂಬ ಬರಿದಾಯಿತೆಂದು ತಿಳಿದ ಮೇಲೆಯೇ ನನಗೆ ನಿದ್ದೆ ಬಂದದ್ದು. ಬೆಳಗ್ಗೆ ನೋಡಿದರೆ ಮತ್ತೆ ಹಿಮ ಸುರಿದಿತ್ತು. ಅಣ್ಣ ಏಳುವ ಮೊದಲೇ ನಾನು ಸಲಿಕೆ ಹಿಡಿದು ಹೊರಗೆ ಹೋದೆ.